ಒಂದು ಶೇಕ್‌ಹ್ಯಾಂಡ್ ತಪ್ಪಿತು, ಅಧ್ಯಕ್ಷಗಿರಿಯೂ ತಪ್ಪಿತೇ? ಕ್ಯಾಲಿಫೋರ್ನಿಯಾದ 1916ರ ಲೆಕ್ಕ

1916ರ ಆಗಸ್ಟ್ 20, ಭಾನುವಾರ. ಲಾಸ್ ಏಂಜಲೀಸ್ ಪಕ್ಕದ ಲಾಂಗ್ ಬೀಚ್ ಊರಿನಲ್ಲಿ ಸಮುದ್ರದ ದಂಡೆಗೆ ವರ್ಜೀನಿಯಾ ಅಂತ ಒಂದು ದೊಡ್ಡ ಹೋಟೆಲ್. ಆವತ್ತು ಅಲ್ಲಿ ಇಬ್ಬರು ನಾಯಕರು ಒಂದೇ ಹೊತ್ತಿಗೆ ಇದ್ದರು. ಒಬ್ಬರು ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಹುದ್ದೆಗೆ ನಿಂತಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್. ಇನ್ನೊಬ್ಬರು ಆ ರಾಜ್ಯದ ಗವರ್ನರ್ ಹೈರಮ್ ಜಾನ್ಸನ್. ಒಂದೇ ಸೂರಿನಡಿ ಇದ್ದರೂ ಮುಖ ನೋಡಿಕೊಳ್ಳಲಿಲ್ಲ. ಹ್ಯೂಸ್ ಸ್ವಲ್ಪ ಹೊತ್ತು ದಣಿವಾರಿಸಿಕೊಂಡು ಕಾರು ಹತ್ತಿ ಹೊರಟುಹೋದರು.

ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಹ್ಯೂಸ್ ಕೈ ತಪ್ಪಿತು, ಸುಮಾರು 3,800 ಓಟುಗಳಿಂದ. ಅದರ ಜೊತೆಗೆ ಅಮೆರಿಕದ ಅಧ್ಯಕ್ಷಗಿರಿಯೂ ಹೋಯಿತು.

ನಾಲ್ಕು ವರ್ಷಕ್ಕೊಮ್ಮೆ ಅಮೆರಿಕದ ಚುನಾವಣೆ ಬಂದಾಗ ನಮ್ಮ ಮನೆಗಳಲ್ಲೂ ಟಿವಿ ಮುಂದೆ ಜನ ಕೂರುತ್ತಾರೆ. ಅಕ್ಕನ ಮಗ ಡಲ್ಲಾಸಿನಲ್ಲಿ, ಎದುರುಮನೆ ಹುಡುಗಿ ಸ್ಯಾನ್ ಹೋಸೆಯಲ್ಲಿ ಇದ್ದಮೇಲೆ ಅಲ್ಲಿ ಯಾರು ಬಂದರೆ ವೀಸಾ ಕತೆ ಏನಾಗುತ್ತದೋ ಅನ್ನುವ ಚಿಂತೆ ಇಲ್ಲೂ ಇರುತ್ತದೆ. ಆದರೆ ಟಿವಿಯವರು ಇಡೀ ದೇಶ ಬಿಟ್ಟು ಐದಾರು ರಾಜ್ಯಗಳ ಮೇಲೇ ಕಣ್ಣು ನೆಟ್ಟಿರುತ್ತಾರೆ. ಯಾಕೆ? ಜಾಸ್ತಿ ಓಟು ಬಿದ್ದವರು ಗೆಲ್ಲೋದು ಅಲ್ವಾ? ಈ ಪ್ರಶ್ನೆಗೆ 1916ರ ಕ್ಯಾಲಿಫೋರ್ನಿಯಾಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆ ಕಂಡಿಲ್ಲ.

ಮೊದಲು ಆಟದ ನಿಯಮ

ಶಟಲ್ ಆಟ ನೋಡಿದ್ದೀರಲ್ಲ. ಮೊದಲ ಗೇಮಿನಲ್ಲಿ ನೀವು 21-5ರಿಂದ ಎದುರಾಳಿಯನ್ನು ಹಣ್ಣು ಮಾಡಿದಿರಿ ಅಂದುಕೊಳ್ಳಿ. ಮುಂದಿನ ಎರಡು ಗೇಮು 19-21, 19-21ರಿಂದ ಸೋತಿರಿ. ಒಟ್ಟು ಪಾಯಿಂಟ್ ಕೂಡಿದರೆ ನಿಮ್ಮದು 59, ಅವರದು 47. ಆದರೂ ಕಪ್ ಅವರಿಗೇ. ಯಾಕೆಂದರೆ ಲೆಕ್ಕಕ್ಕೆ ಬರೋದು ಗೇಮು, ಪಾಯಿಂಟ್ ಅಲ್ಲ.

ಅಮೆರಿಕದ ಅಧ್ಯಕ್ಷರ ಚುನಾವಣೆಯೂ ಹೀಗೇ. ಅಲ್ಲಿ ಪ್ರತಿ ರಾಜ್ಯವೂ ಒಂದು ಗೇಮು. ಬೇರೆ ಏನೆಂದರೆ, ಎಲ್ಲ ಗೇಮಿಗೂ ಒಂದೇ ಬೆಲೆ ಇಲ್ಲ. ಜನ ಜಾಸ್ತಿ ಇರುವ ರಾಜ್ಯಕ್ಕೆ ಜಾಸ್ತಿ ಬೆಲೆ. ಆ ಬೆಲೆಯನ್ನು ಅಳೆಯುವುದು ‘ಎಲೆಕ್ಟರ್’ ಎಂಬ ಲೆಕ್ಕದಲ್ಲಿ.

ಎಲೆಕ್ಟರ್ ಅಂದರೆ ಜನರ ಪರವಾಗಿ ಅಧ್ಯಕ್ಷರಿಗೆ ಓಟು ಹಾಕುವ ವ್ಯಕ್ತಿ. ಒಂದು ರಾಜ್ಯದಿಂದ ಅಲ್ಲಿನ ಸಂಸತ್ತಿನ ಕೆಳಮನೆಗೆ ಎಷ್ಟು ಜನ ಹೋಗುತ್ತಾರೋ ಅಷ್ಟು, ಅದರ ಮೇಲೆ ಸೆನೆಟ್ಟಿನ ಇಬ್ಬರ ಲೆಕ್ಕದಲ್ಲಿ ಇನ್ನೆರಡು. 1916ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೀಗೆ 11 ಮತ್ತು 2 ಸೇರಿ 13 ಎಲೆಕ್ಟರುಗಳು. (ಇವತ್ತು ಅದೇ ರಾಜ್ಯಕ್ಕೆ 54. ನೂರು ವರ್ಷದಲ್ಲಿ ಜನ ಎಷ್ಟು ಹೋಗಿ ನೆಲೆಸಿದರು ನೋಡಿ.) 48 ರಾಜ್ಯಗಳದ್ದೂ ಕೂಡಿದರೆ 531. ಗೆಲ್ಲಲು 266 ಬೇಕು.

ಇನ್ನೊಂದು ಮುಖ್ಯವಾದ ಸಂಗತಿ ಇದೆ. ಸಾಮಾನ್ಯವಾಗಿ ಒಂದು ರಾಜ್ಯದಲ್ಲಿ ಯಾರು ಮುಂದೆ ಬರುತ್ತಾರೋ ಆ ರಾಜ್ಯದ ಎಲೆಕ್ಟರುಗಳೆಲ್ಲ ಅವರ ಪಾಲು. ಹತ್ತು ಲಕ್ಷದಿಂದ ಗೆದ್ದರೂ 13, ಹತ್ತೇ ಓಟಿನಿಂದ ಗೆದ್ದರೂ 13. ಎರಡನೆಯವರಿಗೆ ಸೊನ್ನೆ.

ನಮಗೂ ಇದು ತೀರಾ ಹೊಸದಲ್ಲ. 2018ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಮತ ಬಿದ್ದಿತ್ತು. ಸೀಟು ಎಣಿಸಿದಾಗ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 80ರ ಆಸುಪಾಸು. ಓಟು ಎಷ್ಟು ಎನ್ನುವಷ್ಟೇ ಎಲ್ಲಿ ಬಿತ್ತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಆಗಿನ ಕಾಲದಲ್ಲಿ ಇನ್ನೊಂದು ವಿಚಿತ್ರ ಇತ್ತು. ಹಲವು ರಾಜ್ಯಗಳ ಮತಪತ್ರದಲ್ಲಿ ಎಲೆಕ್ಟರುಗಳ ಹೆಸರು ಬೇರೆಬೇರೆಯಾಗಿ ಇರುತ್ತಿತ್ತು, ಒಬ್ಬೊಬ್ಬರ ಓಟನ್ನೂ ಬೇರೆಯಾಗಿ ಎಣಿಸುತ್ತಿದ್ದರು. ಹಾಗಾಗಿ ಒಂದೇ ಪಕ್ಷದ ಎಲೆಕ್ಟರುಗಳಲ್ಲಿ ಒಬ್ಬ ಗೆದ್ದು ಇನ್ನೊಬ್ಬ ಸೋಲುವುದೂ ಇತ್ತು. 1904ರಲ್ಲಿ ಮೇರಿಲ್ಯಾಂಡ್‌ನಲ್ಲಿ ಥಿಯೋಡೋರ್ ರೂಸ್‌ವೆಲ್ಟ್ 51 ಓಟುಗಳ ಅಂತರದಲ್ಲಿ ಮುಂದಿದ್ದರು, ಆದರೆ ಅವರಿಗೆ ಸಿಕ್ಕಿದ್ದು ಎಂಟರಲ್ಲಿ ಒಂದೇ ಎಲೆಕ್ಟರ್! ಕ್ಯಾಲಿಫೋರ್ನಿಯಾದ ಅಂತರವನ್ನು ನಾನು ‘ಸುಮಾರು 3,800’ ಅಂತ ಬರೆಯುತ್ತಿರುವುದಕ್ಕೂ ಇದೇ ಕಾರಣ. ಯಾವ ಎಲೆಕ್ಟರ್‌ನ ಓಟು ಹಿಡಿಯುತ್ತೀರಿ ಎಂಬುದರ ಮೇಲೆ ಅದು 3,773 ಆಗುತ್ತದೆ, 3,806 ಆಗುತ್ತದೆ.

ಯಾರು ಈ ಇಬ್ಬರು?

ಒಂದು ಕಡೆ ಹಾಲಿ ಅಧ್ಯಕ್ಷ ವುಡ್ರೊ ವಿಲ್ಸನ್, ಡೆಮಾಕ್ರಟಿಕ್ ಪಕ್ಷ. 1912ರಲ್ಲಿ ಅವರಿಗೆ 435 ಎಲೆಕ್ಟರುಗಳು ಬಂದಿದ್ದರು. ಗೆಲುವು ದೊಡ್ಡದು ಎಂದು ಕಂಡರೂ ಎದುರು ಪಕ್ಷ ಎರಡು ಹೋಳಾಗಿದ್ದೇ ಅವರ ಪುಣ್ಯ. ರಿಪಬ್ಲಿಕನ್ ಅಧ್ಯಕ್ಷ ಟಾಫ್ಟ್ ಮೇಲೆ ಮುನಿಸಿಕೊಂಡು ಮಾಜಿ ಅಧ್ಯಕ್ಷ ರೂಸ್‌ವೆಲ್ಟ್ ಪಕ್ಷ ಬಿಟ್ಟು ‘ಪ್ರೋಗ್ರೆಸ್ಸಿವ್’ ಎಂಬ ಹೊಸ ಪಕ್ಷ ಕಟ್ಟಿ ಬಂಡಾಯ ನಿಂತಿದ್ದರು. ಓಟು ಒಡೆದು ವಿಲ್ಸನ್ ಗೆದ್ದರು.

ಆ ಬಂಡಾಯದಲ್ಲಿ ರೂಸ್‌ವೆಲ್ಟ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರು ಯಾರು ಗೊತ್ತಾ? ಇದೇ ಹೈರಮ್ ಜಾನ್ಸನ್.

ಇನ್ನೊಂದು ಕಡೆ ಹ್ಯೂಸ್. ನ್ಯೂಯಾರ್ಕಿನ ಮಾಜಿ ಗವರ್ನರ್, ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. 1912ರ ಜಗಳದ ಹೊತ್ತಿನಲ್ಲಿ ಅವರು ಕೋರ್ಟಿನಲ್ಲಿ ಕೂತಿದ್ದರಿಂದ ಯಾವ ಬಣದ ಕೊಳೆಯೂ ಅಂಟಿರಲಿಲ್ಲ. ಎರಡೂ ಬಣ ಒಪ್ಪುವ ಮುಖ ಅಂತಲೇ ಪಕ್ಷ ಅವರನ್ನು ಆರಿಸಿತು. 1916ರ ಜೂನ್ 10ರಂದು ಅವರು ನ್ಯಾಯಮೂರ್ತಿ ಹುದ್ದೆಗೆ ರಾಜೀನಾಮೆ ಕೊಟ್ಟು ಕಣಕ್ಕಿಳಿದರು. ಪ್ರೋಗ್ರೆಸ್ಸಿವ್ ಪಕ್ಷ ಮತ್ತೆ ರೂಸ್‌ವೆಲ್ಟ್ ಹೆಸರು ಹೇಳಿತು. ಅವರು ಬೇಡವೆಂದು ಹ್ಯೂಸ್ ಬೆನ್ನಿಗೆ ನಿಂತರು. ಹೋಳಾಗಿದ್ದ ಮನೆ ಮೇಲ್ನೋಟಕ್ಕೆ ಒಂದಾಯಿತು.

ಮೇಲ್ನೋಟಕ್ಕೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಗಾಯ ಇನ್ನೂ ಹಸಿಯಾಗಿತ್ತು.

ಕ್ಯಾಲಿಫೋರ್ನಿಯಾದ ಮನೆಜಗಳ

ಇಲ್ಲಿ ಒಂದು ಮಾತು. ಅಮೆರಿಕದ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಹಾಗಲ್ಲ. ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವವರು, ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಜಾನ್ಸನ್ 1910ರಲ್ಲಿ ಗೆದ್ದಿದ್ದು ‘ಸದರ್ನ್ ಪೆಸಿಫಿಕ್’ ಎಂಬ ರೈಲು ಕಂಪನಿಯ ಹಿಡಿತದಿಂದ ರಾಜ್ಯದ ರಾಜಕೀಯವನ್ನು ಬಿಡಿಸುತ್ತೇನೆ ಎಂದು ಹೇಳಿ. ಜನರಿಗೆ ಅಚ್ಚುಮೆಚ್ಚು, ಪಕ್ಷದ ಹಳೇ ತಲೆಗಳಿಗೆ ಕಣ್ಣುರಿ. 1912ರಲ್ಲಿ ಅವರ ಬಣ ರಾಜ್ಯದ ಪಕ್ಷವನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಹಾಲಿ ಅಧ್ಯಕ್ಷ ಟಾಫ್ಟ್ ಹೆಸರು ಕ್ಯಾಲಿಫೋರ್ನಿಯಾದ ಮತಪತ್ರದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಅಂತ ಅಚ್ಚಾಗಲೇ ಇಲ್ಲ! ಆ ವರ್ಷ ಅಲ್ಲಿ ರೂಸ್‌ವೆಲ್ಟ್ ಗೆದ್ದಿದ್ದು 174 ಓಟಿನಿಂದ. 13 ಎಲೆಕ್ಟರುಗಳಲ್ಲಿ 11 ಅವರಿಗೆ, 2 ವಿಲ್ಸನ್‌ಗೆ. ಅಂದರೆ ಇಂಥ ಕೂದಲೆಳೆಯ ಸ್ಪರ್ಧೆ ಆ ರಾಜ್ಯಕ್ಕೆ ಹೊಸದಾಗಿರಲಿಲ್ಲ.

1916ಕ್ಕೆ ಜಾನ್ಸನ್‌ಗೆ ಸೆನೆಟ್ ಸೀಟು ಬೇಕಿತ್ತು. ಅಲ್ಲಿನ ಕಾನೂನಿನ ಪ್ರಕಾರ ಒಬ್ಬರೇ ಎರಡು ಪಕ್ಷದ ‘ಪ್ರೈಮರಿ’ಗೆ ನಿಲ್ಲಬಹುದಿತ್ತು. ಪ್ರೈಮರಿ ಅಂದರೆ ಪಕ್ಷದ ಟಿಕೆಟ್ ಯಾರಿಗೆ ಎಂದು ಮತದಾರರೇ ತೀರ್ಮಾನಿಸುವ ಒಳಚುನಾವಣೆ. ನಮ್ಮಲ್ಲಿ ಹೈಕಮಾಂಡ್ ಮಾಡುವ ಕೆಲಸ ಅಲ್ಲಿ ಜನ ಮಾಡುತ್ತಾರೆ. ಜಾನ್ಸನ್ ಪ್ರೋಗ್ರೆಸ್ಸಿವ್ ಮತ್ತು ರಿಪಬ್ಲಿಕನ್ ಎರಡೂ ಟಿಕೆಟ್ ಕೇಳಿದರು. ನಮ್ಮ ಮನೆ ಮುರಿದವನಿಗೆ ನಮ್ಮದೇ ಟಿಕೆಟ್ಟಾ ಅಂತ ಹಳೇ ರಿಪಬ್ಲಿಕನ್ನರು ತಮ್ಮ ಅಭ್ಯರ್ಥಿಯನ್ನು ನಿಲ್ಲಿಸಿದರು. ಪ್ರೈಮರಿ ಆಗಸ್ಟ್ 29ಕ್ಕೆ.

ಸರಿಯಾಗಿ ಅದಕ್ಕೆ ಮುಂಚೆ, ಬಣಜಗಳ ಕಾದ ಎಣ್ಣೆಯಂತಿದ್ದಾಗ ಹ್ಯೂಸ್ ಪ್ರಚಾರಕ್ಕೆ ಬಂದಿಳಿದರು. ಹತ್ತು ದಿನ ತಡವಾಗಿ ಬಂದಿದ್ದರೆ ಕತೆಯೇ ಬೇರೆ ಇರುತ್ತಿತ್ತೇನೋ.

ಆ ಎರಡು ದಿನ

ಆಗಸ್ಟ್ 19, ಸ್ಯಾನ್‌ಫ್ರಾನ್ಸಿಸ್ಕೊ. ಊರಿನಲ್ಲಿ ಹೋಟೆಲ್ ಕೆಲಸಗಾರರ ಮುಷ್ಕರ ನಡೆದಿತ್ತು. ಸಂಘದವರಿಗೆ ಮಾತ್ರ ಕೆಲಸ ಕೊಡಬೇಕೋ ಬೇಡವೋ ಎಂಬುದೇ ಜಗಳ. ಹ್ಯೂಸ್‌ಗೆ ಊಟ ಇಟ್ಟಿದ್ದು ವ್ಯಾಪಾರಿಗಳ ಕಮರ್ಷಿಯಲ್ ಕ್ಲಬ್ಬಿನಲ್ಲಿ. ಅಲ್ಲಿ ಬಡಿಸಿದವರು ಮುಷ್ಕರ ಮುರಿಯಲು ಬಂದ ಕೆಲಸಗಾರರು. ಹ್ಯೂಸ್ ಉಂಡರು, ಭಾಷಣ ಮಾಡಿದರು, ಹೊರಟರು. ಕಾರ್ಮಿಕರ ಊರಿನಲ್ಲಿ ಆ ಊಟ ಸುದ್ದಿಯಾಗದೆ ಇರುತ್ತದೆಯೇ?

ಮರುದಿನ ಲಾಂಗ್ ಬೀಚ್. ಹ್ಯೂಸ್ ಜೊತೆ ಕಾರಿನಲ್ಲಿ ತಿರುಗುತ್ತಿದ್ದವರು ಸ್ಥಳೀಯ ಹಳೇ ಬಣದವರು. ಜಾನ್ಸನ್ ಅದೇ ಹೋಟೆಲಿನಲ್ಲಿದ್ದಾರೆ ಎಂದು ಯಾರೂ ಅಭ್ಯರ್ಥಿಯ ಕಿವಿಗೆ ಹಾಕಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ ಎಂಬುದು ಜಾನ್ಸನ್ ಕಡೆಯವರ ದೂರು. ಲಾಸ್ ಏಂಜಲೀಸಿಗೆ ವಾಪಸು ಬಂದ ಮೇಲೆ ಹ್ಯೂಸ್‌ಗೆ ವಿಷಯ ತಿಳಿಯಿತು. ಗಾಬರಿಯಾಗಿ, ರಾಜ್ಯ ಪಕ್ಷದ ಮುಖ್ಯಸ್ಥರನ್ನೇ ಅದೇ ರಾತ್ರಿ ಜಾನ್ಸನ್ ಬಳಿಗೆ ಅಟ್ಟಿದರು. ತಪ್ಪಾಯಿತು, ಸ್ಯಾಕ್ರಮೆಂಟೊ ಸಭೆಗೆ ನೀವೇ ಅಧ್ಯಕ್ಷತೆ ವಹಿಸಿ ಎಂದು ಕರೆ ಹೋಯಿತು. ಜಾನ್ಸನ್ ಒಪ್ಪಲಿಲ್ಲ. ಗೊತ್ತಿದ್ದಿದ್ದರೆ ಬಾಗಿಲು ಒದ್ದಾದರೂ ಒಳಗೆ ಹೋಗಿ ಮಾತಾಡಿಸುತ್ತಿದ್ದೆ ಎಂದು ಹ್ಯೂಸ್ ಆಮೇಲೆ ಹೇಳಿಕೊಂಡರು.

ಒಂಬತ್ತು ದಿನ ಕಳೆದು ಪ್ರೈಮರಿ ನಡೆಯಿತು. ರಿಪಬ್ಲಿಕನ್ ಟಿಕೆಟ್ ಜಾನ್ಸನ್‌ಗೇ ಸಿಕ್ಕಿತು. ಹ್ಯೂಸ್ ಜೊತೆ ತಿರುಗಾಡಿದ ಬಣ ಸೋತಿತ್ತು. ಮದುವೆ ಮನೆಗೆ ಬಂದ ನೆಂಟರು ಗಂಡಿನ ಅಪ್ಪನನ್ನು ಬಿಟ್ಟು ಅವನ ದಾಯಾದಿ ಜೊತೆ ಕೂತು ಊಟ ಮಾಡಿದ ಹಾಗಾಯಿತು.

ಮತ ಎಣಿಕೆಯ ರಾತ್ರಿ

ನವೆಂಬರ್ 7, ಮಂಗಳವಾರ. ಪೂರ್ವದ ರಾಜ್ಯಗಳ ಎಣಿಕೆ ಮೊದಲು ಬಂತು. ನ್ಯೂಯಾರ್ಕ್ ಹ್ಯೂಸ್‌ಗೆ, ಪೆನ್ಸಿಲ್ವೇನಿಯಾ ಹ್ಯೂಸ್‌ಗೆ, ಇಲಿನಾಯ್ ಹ್ಯೂಸ್‌ಗೆ. ರಾತ್ರಿಯೇ ನ್ಯೂಯಾರ್ಕಿನ ಪತ್ರಿಕೆಗಳು ಹ್ಯೂಸ್ ಗೆದ್ದರು ಎಂದು ಸಾರಿದವು. ವಿಲ್ಸನ್ ಪರ ಇದ್ದ ಪತ್ರಿಕೆಗಳೂ ಕೈಚೆಲ್ಲಿದವು. ವಿಲ್ಸನ್ ಮಲಗಲು ಹೋದರು. ಬೆಳಿಗ್ಗೆ ಹ್ಯೂಸ್ ಮನೆಗೆ ಬಂದ ವರದಿಗಾರನಿಗೆ ‘ಅಧ್ಯಕ್ಷರು ಮಲಗಿದ್ದಾರೆ’ ಎಂಬ ಉತ್ತರ ಬಂತಂತೆ. ಎದ್ದಮೇಲೆ ಅವರು ಅಧ್ಯಕ್ಷರಲ್ಲ ಅಂತ ತಿಳಿಸಿಬಿಡಿ ಎಂದನಂತೆ ಆತ. ಇದು ನಿಜವಾಗಿ ನಡೆದದ್ದಕ್ಕಿಂತ ಯಾರೋ ಕಟ್ಟಿದ ಕತೆಯಂತೆಯೇ ಕೇಳುತ್ತದೆ. ಆದರೆ ಎಷ್ಟು ಚೆನ್ನಾಗಿದೆಯೆಂದರೆ ನೂರು ವರ್ಷವಾದರೂ ಜನ ಹೇಳುವುದು ಬಿಟ್ಟಿಲ್ಲ.

ನ್ಯೂಯಾರ್ಕಿಗೂ ಕ್ಯಾಲಿಫೋರ್ನಿಯಾಕ್ಕೂ ಮೂರು ಗಂಟೆ ವ್ಯತ್ಯಾಸ. ಅಲ್ಲಿ ನಡುರಾತ್ರಿ ಪಟಾಕಿಯ ಹೊತ್ತು, ಇಲ್ಲಿ ಇನ್ನೂ ಮತಪತ್ರದ ಕಟ್ಟು ಬಿಚ್ಚುವ ಹೊತ್ತು. ಎಲ್ಲವೂ ಕಾಗದದ ಮತಪತ್ರ, ಕೈಯಲ್ಲೇ ಎಣಿಸಬೇಕು. ಅದರಲ್ಲಿ ಅಧ್ಯಕ್ಷರ ಎಲೆಕ್ಟರುಗಳ ಜೊತೆಗೆ ಸೆನೆಟ್, ಕೆಳಮನೆ ಹೀಗೆ ಪಟ್ಟಿ ಉದ್ದ. ಗುಡ್ಡಗಾಡಿನ ಬೂತುಗಳಿಂದ ಲೆಕ್ಕ ಊರಿಗೆ ಬಂದು ಟೆಲಿಗ್ರಾಂ ಹತ್ತಬೇಕು. ಬುಧವಾರ ಪಶ್ಚಿಮದ ರಾಜ್ಯಗಳು ಒಂದೊಂದಾಗಿ ವಿಲ್ಸನ್ ಕಡೆ ವಾಲತೊಡಗಿದವು. ಎರಡೂ ಪಕ್ಷದವರು ಓಟಿನ ಪೆಟ್ಟಿಗೆಗಳ ಮೇಲೆ ಕಣ್ಣಿಟ್ಟು ಕೂತರು. ಗುರುವಾರ ರಾತ್ರಿ ಹೊತ್ತಿಗೆ ಕ್ಯಾಲಿಫೋರ್ನಿಯಾ ವಿಲ್ಸನ್‌ಗೆ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಯಿತು.

ಕೊನೆಯ ಲೆಕ್ಕ ಹೀಗಿದೆ. ಕ್ಯಾಲಿಫೋರ್ನಿಯಾದಲ್ಲಿ ವಿಲ್ಸನ್‌ಗೆ ಸುಮಾರು 4,66,000, ಹ್ಯೂಸ್‌ಗೆ ಸುಮಾರು 4,62,000. ದೇಶದಲ್ಲಿ ವಿಲ್ಸನ್‌ಗೆ 277 ಎಲೆಕ್ಟರು, ಹ್ಯೂಸ್‌ಗೆ 254. ಈಗ ಆ 13ನ್ನು ಈ ಕಡೆಯಿಂದ ಕಿತ್ತು ಆ ಕಡೆ ಹಾಕಿ ನೋಡಿ. ವಿಲ್ಸನ್ 264, ಹ್ಯೂಸ್ 267. ಬೇಕಿದ್ದದ್ದು 266.

ಅಂದರೆ ಸುಮಾರು 1,900 ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು. ಬೇರೆ ಅಧ್ಯಕ್ಷರು ಬರುತ್ತಿದ್ದರು. ಅದೂ ಇಡೀ ದೇಶದಲ್ಲಿ ವಿಲ್ಸನ್‌ಗೆ ಹ್ಯೂಸ್‌ಗಿಂತ ಆರು ಲಕ್ಷದ ಹತ್ತಿರ ಓಟು ಜಾಸ್ತಿ ಇದ್ದಾಗ್ಯೂ.

ಹಾಗಾದರೆ ಶೇಕ್‌ಹ್ಯಾಂಡೇ ಕಾರಣವಾ?

ಜಾನ್ಸನ್ ಒಳೇಟು ಕೊಟ್ಟರು ಎಂದು ಹಳೇ ರಿಪಬ್ಲಿಕನ್ನರು ಕೂಗಾಡಿದರು. ಅವರ ಕೈಯಲ್ಲಿದ್ದ ಆಧಾರ ಕಡಿಮೆಯದಲ್ಲ. ಅದೇ ದಿನ, ಅದೇ ಮತಗಟ್ಟೆಗಳಲ್ಲಿ ಜಾನ್ಸನ್ ಸೆನೆಟ್‌ಗೆ ಸುಮಾರು 5,74,000 ಓಟು ಪಡೆದು ಹೆಚ್ಚುಕಡಿಮೆ ಮೂರು ಲಕ್ಷದ ಅಂತರದಲ್ಲಿ ಗೆದ್ದರು. ಹ್ಯೂಸ್‌ಗಿಂತ ಒಂದು ಲಕ್ಷಕ್ಕೂ ಹೆಚ್ಚು. ಅಷ್ಟು ಜನ ಜಾನ್ಸನ್‌ಗೆ ಹಾಕಿ ಹ್ಯೂಸ್‌ಗೆ ಹಾಕಿಲ್ಲ. (ಜಾನ್ಸನ್ ಎದುರು ಸೋತವರ ಹೆಸರು ಜಾರ್ಜ್ ಪ್ಯಾಟನ್. ಎರಡನೇ ಮಹಾಯುದ್ಧದ ಜನರಲ್ ಪ್ಯಾಟನ್ ಅವರ ತಂದೆ.) ಜಾನ್ಸನ್ ಹ್ಯೂಸ್ ಪರ ಭಾಷಣ ಮಾಡಿದ್ದರು ನಿಜ. ಆದರೆ ಮೈಮುರಿದು ಕೆಲಸ ಮಾಡಿದರಾ ಎಂಬುದು ಬೇರೆ ಪ್ರಶ್ನೆ.

ಆದರೂ ಒಂದು ಹೋಟೆಲಿನ ಮೇಲೆ ಇಡೀ ಭಾರ ಹಾಕುವುದು ಸರಿಯಲ್ಲ. ಬೇರೆ ಲೆಕ್ಕಗಳನ್ನೂ ನೋಡಿ.

ಯೂರೋಪಿನಲ್ಲಿ ಮೊದಲ ಮಹಾಯುದ್ಧ ನಡೆದಿತ್ತು. 1915ರಲ್ಲಿ ಜರ್ಮನಿಯ ಜಲಾಂತರ್ಗಾಮಿ ಲೂಸಿಟಾನಿಯಾ ಹಡಗನ್ನು ಮುಳುಗಿಸಿದಾಗ 128 ಅಮೆರಿಕನ್ನರು ಸತ್ತಿದ್ದರು. ಆದರೂ ವಿಲ್ಸನ್ ಯುದ್ಧಕ್ಕೆ ಹೋಗಿರಲಿಲ್ಲ. ‘ನಮ್ಮನ್ನು ಯುದ್ಧದಿಂದ ದೂರ ಇಟ್ಟವರು’ ಎಂಬುದೇ ಅವರ ಪಕ್ಷದ ಘೋಷಣೆ. ಅದು ಮನೆಮನೆಗೆ ಮುಟ್ಟುವ ಮಾತು. ಕ್ಯಾಲಿಫೋರ್ನಿಯಾದಲ್ಲಿ ಆ ಮಾತು ಕೇಳಿ ಓಟು ಹಾಕುವವರಲ್ಲಿ ಹೆಂಗಸರೂ ಇದ್ದರು. ಅಲ್ಲಿನ ಮಹಿಳೆಯರಿಗೆ ಮತದ ಹಕ್ಕು ಬಂದಿದ್ದು 1911ರಲ್ಲಿ. ಆ ಹಕ್ಕು ಕೂಡ ಜನಮತದಲ್ಲಿ ಗೆದ್ದಿದ್ದು 3,587 ಓಟಿನಿಂದ! ದೇಶದಲ್ಲಿ ಆಗ 12 ರಾಜ್ಯಗಳ ಮಹಿಳೆಯರು ಅಧ್ಯಕ್ಷರಿಗೆ ಓಟು ಹಾಕಬಹುದಿತ್ತು. ಅದರಲ್ಲಿ 10 ವಿಲ್ಸನ್‌ಗೆ ಹೋದವು. ತಮಾಷೆ ಏನೆಂದರೆ, ದೇಶದ ಎಲ್ಲ ಮಹಿಳೆಯರಿಗೂ ಸಂವಿಧಾನದ ಮೂಲಕವೇ ಮತದ ಹಕ್ಕು ಕೊಡೋಣ ಎಂದವರು ಹ್ಯೂಸ್. ಅದನ್ನು ರಾಜ್ಯಗಳಿಗೇ ಬಿಡೋಣ ಎಂದವರು ವಿಲ್ಸನ್. ಹ್ಯೂಸ್ ಪರ ಪ್ರಚಾರಕ್ಕೆ ಪೂರ್ವದಿಂದ ಸಿರಿವಂತ ಮಹಿಳೆಯರ ಒಂದು ರೈಲೇ ಪಶ್ಚಿಮಕ್ಕೆ ಬಂತು. ಎದುರಾಳಿಗಳು ಅದಕ್ಕೆ ‘ಕೋಟ್ಯಧೀಶರ ಸ್ಪೆಷಲ್’ ಎಂದು ಹೆಸರಿಟ್ಟು ನಕ್ಕರು. ರೈಲು ಬಂದು ಲಾಭಕ್ಕಿಂತ ನಷ್ಟವೇ ಆಯಿತು ಅನ್ನಿಸುತ್ತದೆ.

ಕಾರ್ಮಿಕರ ಲೆಕ್ಕ ಇನ್ನೊಂದು. ಆ ಸೆಪ್ಟೆಂಬರಿನಲ್ಲಿ ವಿಲ್ಸನ್ ಸರ್ಕಾರ ರೈಲ್ವೆ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆಯ ಕಾನೂನು ತಂದಿತು. ಹ್ಯೂಸ್ ಅದನ್ನು ಟೀಕಿಸಿದರು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ವಿಲ್ಸನ್‌ಗೆ ಸುಮಾರು 15,000 ಓಟಿನ ಲೀಡ್ ಬಂತು. ಇಡೀ ರಾಜ್ಯದ ಅಂತರದ ನಾಲ್ಕು ಪಟ್ಟು. ಹೋಟೆಲಿನ ಕತೆಗಿಂತ ಕ್ಲಬ್ಬಿನ ಊಟದ ಕತೆಯೇ ಜಾಸ್ತಿ ದುಬಾರಿಯಾಯಿತು ಎಂದು ನನ್ನ ಅನಿಸಿಕೆ. ಸಮಾಜವಾದಿ ಮತ್ತು ಮದ್ಯನಿಷೇಧ ಪಕ್ಷಗಳ ಅಭ್ಯರ್ಥಿಗಳು ಆ ರಾಜ್ಯದಲ್ಲಿ ತಗೊಂಡ ಓಟುಗಳೂ ಈ ಅಂತರಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಒಂದೇ ಒಂದು ಓಟಿನಿಂದ ಗೆದ್ದಿದ್ದು ನೆನಪಿದೆಯಲ್ಲ. ಸೋತವರ ಕಾರಿನ ಡ್ರೈವರ್ ಓಟು ಹಾಕಲು ಹೋಗಲಿಲ್ಲ ಎಂಬ ಮಾತನ್ನು ಜನ ಇವತ್ತಿಗೂ ಹೇಳುತ್ತಾರೆ. ಆ ದಿನ ಓಟು ಹಾಕದೆ ಉಳಿದವರು ಸಾವಿರಾರು ಮಂದಿ. ನೆನಪಿನಲ್ಲಿ ಉಳಿದಿದ್ದು ಮಾತ್ರ ಡ್ರೈವರ್. ಲಾಂಗ್ ಬೀಚ್ ಹೋಟೆಲಿನದ್ದೂ ಅದೇ ಕತೆ. ಅಂತರ 3,800 ಇದ್ದಾಗ ಊಟ, ಘೋಷಣೆ, ರೈಲು, ಬಣ ಯಾವುದನ್ನು ಹಿಡಿದರೂ ‘ಇದೇ ಕಾರಣ’ ಎನ್ನಬಹುದು. ಅವುಗಳಲ್ಲಿ ಒಂದೇ ಗುಕ್ಕಿಗೆ ಹೇಳಲು ಬರುವುದು ಶೇಕ್‌ಹ್ಯಾಂಡ್.

ಕ್ಯಾಲಿಫೋರ್ನಿಯಾ ಒಂದೇ ಅಲ್ಲ. ಆ ವರ್ಷ ನ್ಯೂ ಹ್ಯಾಂಪ್‌ಶೈರ್ ವಿಲ್ಸನ್‌ಗೆ ಸಿಕ್ಕಿದ್ದು 56 ಓಟಿನಿಂದ. ಮಿನ್ನೆಸೋಟ ಹ್ಯೂಸ್‌ಗೆ ಸಿಕ್ಕಿದ್ದು 392 ಓಟಿನಿಂದ. ಆದರೆ ನ್ಯೂ ಹ್ಯಾಂಪ್‌ಶೈರಿಗೆ ಇದ್ದದ್ದು 4 ಎಲೆಕ್ಟರು. ಅದೊಂದು ಆಚೀಚೆ ಆಗಿದ್ದರೂ ಅಧ್ಯಕ್ಷರು ಬದಲಾಗುತ್ತಿರಲಿಲ್ಲ. ಟಿವಿಯವರು ಇವತ್ತು ‘ಸ್ವಿಂಗ್ ಸ್ಟೇಟ್’ ಅಂತ ಹೇಳುವಾಗ ಅವರು ಹುಡುಕುವುದು ಈ ಎರಡೂ ಇರುವ ರಾಜ್ಯವನ್ನೇ: ಅಂತರ ತೆಳ್ಳಗಿರಬೇಕು, ಎಲೆಕ್ಟರುಗಳ ತೂಕ ಸಾಕಷ್ಟಿರಬೇಕು.

ಆಮೇಲೆ

ಹ್ಯೂಸ್ ಅಧಿಕೃತ ಎಣಿಕೆ ಮುಗಿಯಲಿ ಎಂದು ಕಾದರು. ನವೆಂಬರ್ 22ಕ್ಕೆ, ಅಂದರೆ ಮತದಾನವಾಗಿ 15 ದಿನಕ್ಕೆ, ವಿಲ್ಸನ್‌ಗೆ ಅಭಿನಂದನೆಯ ಟೆಲಿಗ್ರಾಂ ಕಳಿಸಿದರು. ಕೈ ಸೇರುವ ಹೊತ್ತಿಗೆ ಅದಕ್ಕೆ ನುಸಿ ಹಿಡಿದಿತ್ತು ಎಂದು ವಿಲ್ಸನ್ ಕುಶಾಲು ಮಾಡಿದರಂತೆ. ಯುದ್ಧದಿಂದ ದೂರ ಇಟ್ಟವರು ಎಂದು ಗೆದ್ದ ವಿಲ್ಸನ್ 1917ರ ಏಪ್ರಿಲ್‌ನಲ್ಲಿ ದೇಶವನ್ನು ಯುದ್ಧಕ್ಕೆ ಇಳಿಸಿದರು. ಹ್ಯೂಸ್ 1930ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ತಮಗೆ ದಕ್ಕದ ಹುದ್ದೆಯ ಪ್ರಮಾಣವಚನವನ್ನು ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ ಮೂರು ಸಲ ಬೋಧಿಸಿದರು.

ಜಾನ್ಸನ್ ಸಾಯುವ ತನಕ, ಅಂದರೆ 1945ರ ತನಕ, ಸೆನೆಟ್ಟಿನಲ್ಲೇ ಇದ್ದರು. 1920ರಲ್ಲಿ ವಾರೆನ್ ಹಾರ್ಡಿಂಗ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಉಪಾಧ್ಯಕ್ಷರಾಗಿ ಬನ್ನಿ ಎಂದು ಜಾನ್ಸನ್‌ರನ್ನು ಕೇಳಿದ್ದರು. ಜಾನ್ಸನ್ ಒಲ್ಲೆ ಎಂದರು. ಆ ಜಾಗಕ್ಕೆ ಬಂದವರು ಕ್ಯಾಲ್ವಿನ್ ಕೂಲಿಡ್ಜ್. ಮೂರು ವರ್ಷ ಕಳೆಯುವಷ್ಟರಲ್ಲಿ ಹಾರ್ಡಿಂಗ್ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು, ಕೂಲಿಡ್ಜ್ ಅಧ್ಯಕ್ಷರಾದರು. ಹಾರ್ಡಿಂಗ್ ಕೊನೆಯುಸಿರೆಳೆದದ್ದು ಜಾನ್ಸನ್ ರಾಜ್ಯದಲ್ಲೇ, ಸ್ಯಾನ್‌ಫ್ರಾನ್ಸಿಸ್ಕೊದ ಪ್ಯಾಲೇಸ್ ಎಂಬ ಹೋಟೆಲಿನ ಕೋಣೆಯಲ್ಲಿ.